ರೊಟ್ಟಿ ಪಂಚಮಿಯ ನಾಲ್ಕು ಹಾಳೆ

ಹದಿನೇಳನೆಯ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಹಂಚಿಗೆ ಹಾಕಿದ ಗುರುಲಿಂಗವ್ವ, ಅದರ ಮೇಲೆ ನೀರು ಸವರಲು ಬಟ್ಟೆ ಅದ್ದುತ್ತ ಗೋಡೆಯ ಮಾಡದ ಕಡೆ ನೋಡಿದಳು. ಬೆಳಿಗ್ಗೆ ಅಲ್ಲಿಟ್ಟಿದ್ದ ನಾಲ್ಕು ಹಾಳೆಗಳು ಇರಲಿಲ್ಲ. ಅವು ಹಾರಬಾರದೆಂದು ಮೇಲಿಟ್ಟಿದ್ದ ಹಿತ್ತಾಳೆ ಲೋಟವೊಂದೇ ಏನೂ ಅರಿಯದವರಂತೆ ಕೂತಿತ್ತು.

"ಅತ್ತೀ, ಇಲ್ಲಿದ್ದ ಹಾಳಿ ಎಲ್ಲಿ ಅದಾವ್ರಿ?"

ಬಸಲಿಂಗವ್ವ ಪಡಸಾಲೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಮುಚ್ಚುತ್ತಿದ್ದಳು. "ಮಂದಿ ಮನ್ಯಾಗ ಅದಾವು. ರೊಟ್ಟಿ ಸುತ್ತಿ ಕೊಟ್ಟು ಬಂದೆ. ಹ್ವಾದ ವರ್ಷ ತಾಟಿನ್ಯಾಗ ಕೊಟ್ಟಿವಿ, ಮೂರು ತಾಟು ಇನ್ನೂ ಹೊಳ್ಳಿ ಬಂದಿಲ್ಲ. ಹಾಳ್ಯಾಗ ಕೊಟ್ಟರ ಆ ತಕರಾರಽ ಇಲ್ಲ."

"ಅದು ರದ್ದಿ ಅಲ್ರಿ ಅತ್ತಿ! ಕವಿತಾದ ಪುಸ್ತಕ!"

"ಪುಸ್ತಕ? ಹೊಲಿಗಿ ಇಲ್ಲ, ರಟ್ಟಿಲ್ಲ. ನಡುವ ಮೂರು ಸಾಲು, ಸುತ್ತ ಬರೇ ಖಾಲಿ. ದಪ್ಪ ಕಾಗದ, ಇಷ್ಟಗಲ. ರೊಟ್ಟಿ ಸುತ್ತಾಕಂತಽ ಮಾಡಿದಂಗಿತ್ತವಾ."

ಹಂಚಿನ ಮೇಲೆ ಹದಿನೇಳನೆಯ ರೊಟ್ಟಿ ಹೊತ್ತಿ ಕರ್ರಗಾಯಿತು. ಯಾರೂ ಅದನ್ನು ಮಗುಚಲಿಲ್ಲ.

ಎಂಟು ವರ್ಷದ ಹಿಂದೆ, ಗುರುಲಿಂಗವ್ವ ಬಾದಾಮಿಯಲ್ಲಿ ತವರಿನಲ್ಲಿದ್ದಾಗ, ಹೊಂಡದ ಮೆಟ್ಟಿಲ ಮೇಲೆ ನಾಲ್ಕು ಜನ ಹುಡುಗರು ಒಂದು ಹೊಸ ತರಹದ ನಾಟಕ ಆಡಿದ್ದರು. ಪರದೆ ಇಲ್ಲ, ಬಣ್ಣ ಇಲ್ಲ, ಕತೆಯಂತೂ ಇಲ್ಲವೇ ಇಲ್ಲ. ನಾಲ್ವರೂ ದೂರ ದೂರ ನಿಂತು ಒಂದೊಂದು ಹಾಳೆಯ ಕವಿತೆ ಓದಿ, ಆಮೇಲೆ ಅರ್ಧ ತಾಸು ಸುಮ್ಮನೆ ನಿಂತರು. ಬಟ್ಟೆ ಒಗೆಯಲು ಬಂದವರು ಒಗೆದು ಹೋದರು. ಕೊನೆಯವರೆಗೂ ಉಳಿದ ಪ್ರೇಕ್ಷಕರು ಮೂವರು: ಗುರುಲಿಂಗವ್ವ, ಶೇಂಗಾ ಮಾರುವವ, ಒಂದು ಆಡು. ಹುಡುಗರು ಮೂವರ ಮುಂದೂ ನಾಲ್ಕು ಹಾಳೆಯ ಒಂದೊಂದು ಪ್ರತಿ ಇಟ್ಟರು. ಶೇಂಗಾದವ ತನ್ನದನ್ನು ಹರಿದು ಪೊಟ್ಟಣ ಕಟ್ಟಿದ. ಆಡು ತನ್ನದನ್ನು ಅಲ್ಲೇ ಓದಿ ಮುಗಿಸಿತು. ಉಳಿದದ್ದು ಗುರುಲಿಂಗವ್ವನದೊಂದೇ.

ಆ ದಿನದಿಂದ ಅವಳಿಗೆ ಅಂಟಿದ ಹುಚ್ಚು ಮದುವೆಯಾಗಿ ಇಳಕಲ್ಲಿಗೆ ಬಂದ ಮೇಲೂ ಬಿಡಲಿಲ್ಲ. ಹುನಗುಂದದ ರದ್ದಿ ಅಂಗಡಿಯ ಅಲ್ಲಾಸಾಬ ಅವಳಿಗೆಂದೇ ಹಳೆಯ ಕವನ ಪುಸ್ತಕಗಳನ್ನು ತೆಗೆದಿಡುತ್ತಿದ್ದ. ಮೊದಲ ಮುದ್ರಣದವು, ಕವಿಯೇ ಯಾರಿಗೋ ಸಹಿ ಹಾಕಿ ಕೊಟ್ಟು ಅವರು ಓದದೆ ತೂಕಕ್ಕೆ ಹಾಕಿದವು, ನಾಟಕದ ಕರಪತ್ರ, ಹರಿದ ಟಿಕೆಟ್ಟು. ಎಲ್ಲವೂ ಸೀರೆಗಳ ಕೆಳಗೆ ಟ್ರಂಕಿನಲ್ಲಿದ್ದವು. ಆ ಬಗ್ಗೆ ಮಾತಾಡಲು ಒಬ್ಬರೂ ಇರಲಿಲ್ಲ. ಗಂಡ ಕಾಶಪ್ಪ ಸೀರೆ ಅಂಗಡಿಯಲ್ಲಿ ಗುಮಾಸ್ತ. ಕೆಟ್ಟವನಲ್ಲ, ಆದರೆ ಅವನ ಪ್ರಕಾರ ಕಾಗದ ಇರುವುದು ಸೀರೆಯ ಮಡಿಕೆ ಕೆಡದಿರಲಿ ಎಂದು.

ಹೀಗಿರುವಾಗ ಬಾಗಲಕೋಟೆಯ ಸಂಗಯ್ಯ ಎಂಬ ಉಪನ್ಯಾಸಕರಿಂದ ಕಾರ್ಡು ಬಂತು. ಅವರು ಈ ಭಾಗದ ಹೊಸ ಕಾವ್ಯ, ಹೊಸ ನಾಟಕಗಳ ಸೂಚಿ ತಯಾರಿಸುತ್ತಿದ್ದರಂತೆ. ಅಲ್ಲಾಸಾಬ ಇವಳ ವಿಳಾಸ ಕೊಟ್ಟಿದ್ದ. 'ಪಂಚಮಿಯ ಹಿಂದಿನ ದಿನ ಸಂಜೆ ಬರುತ್ತೇನೆ. ಬಾದಾಮಿ ನಾಟಕದ ನಾಲ್ಕೂ ಹಾಳೆ ನಿಮ್ಮಲ್ಲಿದ್ದರೆ, ಸಂಗ್ರಹ: ಗುರುಲಿಂಗವ್ವ, ಇಳಕಲ್ಲ, ಎಂದು ಅಚ್ಚು ಹಾಕಿಸುತ್ತೇನೆ.'

ಅವಳ ಹೆಸರು ಈ ಮೊದಲು ಒಮ್ಮೆ ಮಾತ್ರ ಅಚ್ಚಾಗಿತ್ತು, ಲಗ್ನಪತ್ರಿಕೆಯಲ್ಲಿ. ಅಲ್ಲೂ ಅದಕ್ಕಿಂತ ಆಹೇರಿ, ಉಡುಗೊರೆ ತರಬಾರದೆಂಬ ಸೂಚನೆಯೇ ದಪ್ಪ ಅಕ್ಷರದಲ್ಲಿತ್ತು. ಕಾರ್ಡನ್ನು ಅವಳು ದಿನಕ್ಕೆರಡು ಸಲದಂತೆ ಒಂದು ವಾರ ಓದಿದ್ದಳು. ಅವರಿಗೆ ತೋರಿಸಲೆಂದೇ ಇಂದು ಬೆಳಿಗ್ಗೆ ಹಾಳೆಗಳನ್ನು ಟ್ರಂಕಿನಿಂದ ತೆಗೆದು ಮಾಡದಲ್ಲಿಟ್ಟಿದ್ದಳು.

"ಯಾರ್ಯಾರ ಮನಿಗೆ ಕೊಟ್ಟೀರಿ ಅತ್ತಿ?"

"ಎದುರು ಮನಿ ಶಿವಬಸವ್ವ, ಅಂದಾನಪ್ಪ ಮಾಸ್ತರ, ದೌಲತಬಿ. ಕಡೀದು ನಿನ್ನ ಗಂಡಗ, ಅಂಗಡಿಗೆ."

ಹಿಟ್ಟಿನ ಕೈ ತೊಳೆಯದೆ ಗುರುಲಿಂಗವ್ವ ಹೊರಬಿದ್ದಳು.

ನಾಗರ ಪಂಚಮಿಯ ಹಿಂದಿನ ದಿನ ಊರಿಗೆ ಊರೇ ರೊಟ್ಟಿ ಹಂಚುತ್ತದೆ. ನಮ್ಮ ಮನೆಯದು ಅವರ ಮನೆಗೆ, ಅವರದು ನಮ್ಮ ಮನೆಗೆ. ಜಾತಿ ಕೇಳುವುದಿಲ್ಲ, ಹಳೆಯ ಜಗಳ ನೆನೆಯುವುದಿಲ್ಲ. ಮಾಡಬಾರದ್ದು ಒಂದೇ: ಕೊಟ್ಟ ಮನೆಗೆ ಮತ್ತೆ ಬರಿಗೈಯಲ್ಲಿ ಹೋಗಿ ನಿಲ್ಲಬಾರದು. ಹಾಗೆ ನಿಂತರೆ, ನಮ್ಮ ಪಾಲಿನ ರೊಟ್ಟಿ ಇನ್ನೂ ಬಂದಿಲ್ಲವಲ್ಲ ಎಂದು ಕೇಳಿದಂತೆ. ಇದು ಗುರುಲಿಂಗವ್ವನಿಗೆ ಹೊಳೆದದ್ದು ಶಿವಬಸವ್ವನ ಹೊಸ್ತಿಲ ಮೇಲೆ ಬರಿಗೈಯಲ್ಲಿ ನಿಂತ ಮೇಲೆಯೇ.

"ಯವ್ವಾ! ಕೊಟ್ಟು ಇನ್ನೂ ತಾಸಾಗಿಲ್ಲ, ಆಗಲೇ ವಸೂಲಿಗೆ ಬಂದ್ಯಾ?"

"ರೊಟ್ಟಿ ಅಲ್ರಿ ಅಕ್ಕಾ. ಅದನ್ನ ಸುತ್ತಿದ್ದ ಹಾಳಿ ಬೇಕಾಗಿತ್ತು."

"ಹಾಳಿ ಕೇಳಾಕ ಯಾರರ ಬರ್ತಾರೇನು? ನಾಚಬ್ಯಾಡ, ರೊಟ್ಟಿನಽ ಬೇಕನ್ನು." ಶಿವಬಸವ್ವ ಐದು ರೊಟ್ಟಿ ಎಣಿಸಿ ಅವಳ ಸೆರಗಿಗೆ ಹಾಕಿದಳು. ಅಂದು ರೊಟ್ಟಿ ಬೇಡವೆನ್ನುವುದೆಂದರೆ ಮುಂದಿನ ಪಂಚಮಿಯವರೆಗೆ ಮಾತು ಬಿಟ್ಟಂತೆ. ಅದರ ಕೆಳಗೆ ಮೊದಲನೆಯ ಹಾಳೆಯೂ ಬಂತು. ಹಿಂಡಿಯ ಎಣ್ಣೆ ಇಳಿದು, ಅದರಾಚೆ ಬೀದಿ ಕಾಣುತ್ತಿತ್ತು.

ಅಂದಾನಪ್ಪ ಮಾಸ್ತರರು ನಿವೃತ್ತರಾಗಿ ಆರು ವರ್ಷವಾಗಿತ್ತು. ಅವರ ಕೆಂಪು ಶಾಯಿಯ ಪೆನ್ನು ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ಎರಡನೆಯ ಹಾಳೆಯನ್ನು ಅವರು ಕಟ್ಟೆಯ ಮೇಲೆ ಹರವಿಕೊಂಡು ಕೂತಿದ್ದರು.

"ಬಾರವಾ. ನೀ ಬರದದ್ದೇನು? ಕರ್ತೃ ಇಲ್ಲ, ಕ್ರಿಯಾಪದ ಇಲ್ಲ, ಪೂರ್ಣವಿರಾಮಂತೂ ಮನಿ ಬಿಟ್ಟು ಓಡಿ ಹೋಗೇತಿ. ಆದ್ರೂ ಅಕ್ಷರ ದುಂಡಗದಾವ. ಹತ್ತಕ್ಕ ಮೂರು ಕೊಟ್ಟೇನಿ."

"ಮಾಸ್ತರ್ರೀ, ಅದು ಅಚ್ಚಾಗಿದ್ದು!"

"ಅಚ್ಚಾದ್ರ ತಪ್ಪು ತಪ್ಪಲ್ಲೇನು? ಹೆದರಬ್ಯಾಡ. ಮುಂದಿನ ಸಲ ಚೊಲೊ ಬರಿ."

ಅವರ ಹೆಂಡತಿ ಒಳಗಿನಿಂದ ನಾಲ್ಕು ರೊಟ್ಟಿ ತಂದು ಸೆರಗಿಗೆ ಸೇರಿಸಿದಳು. "ಪಾಪ, ಮನ್ಯಾಗ ಹಿಟ್ಟು ಮುಗದಿತ್ತೇನೋ," ಎಂದು ಗಂಡನಿಗೆ ಹೇಳಿದ್ದು ಗುರುಲಿಂಗವ್ವನಿಗೂ ಕೇಳಿಸಿತು.

ನೇಕಾರರ ಓಣಿ ಮುಟ್ಟುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂದೆ ಹೋಗಿ ಕೂತಿತ್ತು. ಇಳಕಲ್ಲಿನ ಮಗ್ಗದ ಲಾಳಿಗೂ ಆ ವೇಗ ಇಲ್ಲ. ಬಸಲಿಂಗವ್ವನ ಸೊಸೆ ಕೊಟ್ಟ ರೊಟ್ಟಿ ಹೊಳ್ಳಿ ಇಸಗೋತಾ ಹೊಂಟಾಳಂತೆ.

ದೌಲತಬಿ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಬಸಲಿಂಗವ್ವ ಕೊಟ್ಟ ಅದೇ ರೊಟ್ಟಿಗಳು, ಮುರಿಯದೆ ಹಾಗೇ ಇದ್ದವು.

"ತಗೋ ಗುರುಲಿಂಗವ್ವ. ಒಂದೂ ತುಂಡು ಮಾಡಿಲ್ಲ." ದನಿ ತಗ್ಗಿತ್ತು. "ನಮ್ಮ ಮನಿಗೆ ಕೊಟ್ಟದ್ದು ತಪ್ಪಾತಂತ ಯಾರರ ಅಂದ್ರೇನು?"

ಇಷ್ಟು ಹೊತ್ತು ಹಾಳೆ, ಹಾಳೆ ಎಂದು ಗುರುಲಿಂಗವ್ವ ಓಡಿಬಂದಿದ್ದಳು. ಇಂಥ ಒಂದು ಅರ್ಥವೂ ತನ್ನ ಓಟಕ್ಕೆ ಇರಬಹುದೆಂದು ಅವಳು ಎಣಿಸಿರಲಿಲ್ಲ. ಆ ರೊಟ್ಟಿಗಳಲ್ಲಿ ಒಂದನ್ನು ತೆಗೆದು ಎರಡು ತುಂಡು ಮಾಡಿ, ಒಂದನ್ನು ತನ್ನ ಬಾಯಿಗಿಟ್ಟು, ಇನ್ನೊಂದನ್ನು ದೌಲತಬಿಯ ಕೈಯಲ್ಲಿಟ್ಟಳು. "ಹುಚ್ಚಿ ಇದ್ದೀಯೇನು ನೀ? ನಂಗ ರೊಟ್ಟಿ ಬ್ಯಾಡ, ಸುತ್ತಿದ ಹಾಳಿ ಬೇಕು. ನಿನ್ನ ಮ್ಯಾಲ ಆಣಿ."

ದೌಲತಬಿ ಅವಳ ಮುಖವನ್ನೇ ನೋಡಿದಳು. ರೊಟ್ಟಿ ಅಗಿಯತೊಡಗಿದಳು. ಆಮೇಲೆ ನಕ್ಕಳು. "ಹಾಳಿನಾ? ಅದು ಮಗ್ಗದ ಕಂಬಕ್ಕ ಚುಚ್ಚೇನಿ, ಬಾ."

ಕಂಬದ ಮೇಲಿನ ಮೂರನೆಯ ಹಾಳೆಯ ಸಾಲುಗಳನ್ನು ದೌಲತಬಿ ಬೆರಳಿಟ್ಟು ಓದಿದಳು. ಅವಳು ಕಲಿತದ್ದು ನಾಲ್ಕನೆಯ ಇಯತ್ತೆ.

'ನಿನ್ನೆ ನೀನಿಟ್ಟ ಹೆಜ್ಜೆ
ಇಂದೂ ನನ್ನ ಅಂಗಳದಲ್ಲಿ
ನೀರು ಕೇಳುತ್ತಿದೆ'

"ಹೆಜ್ಜಿ ನೀರು ಕೇಳತೈತಂತ! ಬರದವರಿಗೆ ಬುದ್ಧಿ ನೆಟ್ಟಗಿಲ್ಲ," ಎಂದಳು. "ಆದ್ರ ಓದಿದಾಗಿಂದ ತಲ್ಯಾಗ ಕುಂತುಬಿಟ್ಟೈತಿ ನೋಡು. ಮೂರು ಸಲ ಎಳಿ ತಪ್ಪಿಸಿದೆ. ಖರೆ ಹೇಳು, ಮುಂದೇನಾತು? ನೀರು ಕೊಟ್ಟರೋ ಇಲ್ಲೋ?"

ಎಂಟು ವರ್ಷದಲ್ಲಿ ಗುರುಲಿಂಗವ್ವನನ್ನು ಹೀಗೆ ಕೇಳಿದವರು ಯಾರೂ ಇರಲಿಲ್ಲ. ಅದಕ್ಕೆ ಉತ್ತರವಿದ್ದ ನಾಲ್ಕನೆಯ ಹಾಳೆ ಅವಳಿಗೆ ಬಾಯಿಪಾಠ. ಹೇಳಬಹುದಿತ್ತು. ಆದರೆ ಸಂಗಯ್ಯನವರ ಸಂಜೆಯ ಬಸ್ಸು ಬರುವ ಹೊತ್ತು ಹತ್ತಿರವಾಗುತ್ತಿತ್ತು. "ಆಮ್ಯಾಲ ಹೇಳ್ತೇನಿ," ಎಂದು ಹಾಳೆ ಬಿಚ್ಚಿಕೊಂಡು ಓಡಿದಳು. ಓಡುವವಳ ಸೆರಗಿಗೆ ದೌಲತಬಿ ತನ್ನ ಮನೆಯ ಎರಡು ರೊಟ್ಟಿ ಸೇರಿಸುವುದನ್ನು ಮರೆಯಲಿಲ್ಲ.

ಅಂಗಡಿಯಲ್ಲಿ ಕಾಶಪ್ಪ ಸಂತೋಷದಲ್ಲಿದ್ದ. "ಆ ಹಾಳ್ಯಾ? ರೊಟ್ಟಿ ತಗದು, ಝಾಡಿಸಿ, ಸೀರಿ ಮಡಿಕಿ ನಡುವ ಇಟ್ಟೆ. ಎಂಥಾ ಕಾಗದ ಅಂತಿ! ಹುನಗುಂದದ ಮುದಕಿ ಒಬ್ಬಾಕಿ ಮಗಳಿಗೆ ಪಂಚಮಿ ಸೀರಿ ಅಂತ ಒಯ್ದಳು. ಈಗಽ ಬಸ್‌ಸ್ಟ್ಯಾಂಡಿಗೆ ಹ್ವಾದಳು."

ಹುನಗುಂದದ ಬಸ್ಸು ಹೊರಡುವುದರಲ್ಲಿತ್ತು. ಹನ್ನೊಂದು ರೊಟ್ಟಿಯ ಸೆರಗು ಹಿಡಿದು ಗುರುಲಿಂಗವ್ವ ಮೇಲೆ ಹತ್ತಿ, ಕೆಂಪು ಸೆರಗಿನ ಹೊಸ ಸೀರೆಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಮುದುಕಿಯನ್ನು ಹುಡುಕಿ, "ಅಮ್ಮಾ, ಒಂದೀಟು ಸೀರಿ ಕೊಡ್ರಿ," ಎಂದಳು.

"ಯಾಕ ಕೊಡ್ಲಿ? ರೊಕ್ಕಾ ಕೊಟ್ಟೇನಿ!" ಮುದುಕಿ ಸೀರೆಯನ್ನು ಅಪ್ಪಿಕೊಂಡಳು.

"ಸೀರಿ ಬ್ಯಾಡ್ರಿ, ಒಳಗ ಒಂದು ಹಾಳಿ ಐತಿ."

"ಒಳಗಿದ್ದದ್ದೆಲ್ಲಾ ನಂದಽ!"

"ಅಜ್ಜಿ ಖರೇ ಹೇಳಾಕತ್ತಾಳ," ಎಂದಿತು ಹಿಂದಿನ ಸೀಟು. "ಕಂಡಕ್ಟರ್, ಟಿಕೀಟ ಇಲ್ದ ಜಗಳ ಮಾಡಾಕ ಬಿಡಬಾರ್ದರಿ," ಎಂದಿತು ಮುಂದಿನ ಸೀಟು. ಕಂಡಕ್ಟರ್ ನ್ಯಾಯ ಮಾಡಲೆಂದು ಸೀರೆಯ ಒಂದು ತುದಿ ಹಿಡಿದ. ಮುದುಕಿ ಇನ್ನೊಂದು ತುದಿ ಬಿಡಲಿಲ್ಲ. ಸೀರೆ ಬಸ್ಸಿನ ಉದ್ದಕ್ಕೂ ಬಿಚ್ಚಿಕೊಂಡು, ಕೊನೆಯ ಮಡಿಕೆಯಿಂದ ನಾಲ್ಕನೆಯ ಹಾಳೆ ಕೆಳಗೆ ಬಿತ್ತು. ಬಸ್ಸಿಡೀ ಬಗ್ಗಿ ನೋಡಿತು.

"ಇಷ್ಟಕ್ಕಽ ಇಷ್ಟು ಓಡಿ ಬಂದ್ಯಾ?" ಮುದುಕಿಗೆ ಕನಿಕರ ಬಂತು. "ಊಟ ಮಾಡಿ ಎಷ್ಟು ದಿನ ಆತವಾ?" ಗಂಟು ಬಿಚ್ಚಿ ಅವಳೂ ಎರಡು ರೊಟ್ಟಿ ಕೊಟ್ಟಳು. ಹದಿಮೂರಾದವು.

ಕೆಳಗಿಳಿದಾಗ, ಬಾಗಲಕೋಟೆಯ ಬಸ್ಸಿನಿಂದ ಇಳಿದ ಸಣಕಲು ಗೃಹಸ್ಥರೊಬ್ಬರು ಹೆಗಲ ಚೀಲ ಸರಿಪಡಿಸಿಕೊಳ್ಳುತ್ತ ಅವಳನ್ನೇ ಕೇಳಿದರು: "ಗುರುಲಿಂಗವ್ವನವರ ಮನಿ ಗೊತ್ತೇನ್ರಿ? ದೊಡ್ಡ ಸಂಗ್ರಾಹಕರಂತ."

ತಲೆಗೂದಲಿಗೆಲ್ಲ ಸಜ್ಜೆ ಹಿಟ್ಟು, ಸೆರಗಿನ ತುಂಬ ರೊಟ್ಟಿ. "ಬರ್ರಿ, ತೋರಸ್ತೇನಿ," ಎಂದಳು ಗುರುಲಿಂಗವ್ವ. ತಾನೇ ಅವಳೆಂದು ಹೇಳಲು ಮನೆಯ ಹೊಸ್ತಿಲವರೆಗೂ ಬಾಯಿ ಬರಲಿಲ್ಲ.

ಮನೆಯಲ್ಲಿ ಆಗಲೇ ಶಿವಬಸವ್ವ, ಅಂದಾನಪ್ಪ ಮಾಸ್ತರರು ಬಂದು ಕೂತಿದ್ದರು, ಹಾಳೆಯ ಗುಟ್ಟೇನೆಂದು ತಿಳಿಯಲು.

"ನನ್ನ ಹಾಳ್ಯಾಗ ಕರ್ತೃ ಇದ್ದಿಲ್ಲ. ನಿನ್ನದ್ರಾಗ ಇತ್ತೇನು ಶಿವಬಸವ್ವ?"

"ನಂದ್ರಾಗ ಎಣ್ಣಿ ಇತ್ರಿ."

ಗುರುಲಿಂಗವ್ವ ನಾಲ್ಕೂ ಹಾಳೆಗಳನ್ನು ಸಂಗಯ್ಯನವರ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿ, ತಲೆ ತಗ್ಗಿಸಿದಳು. ಒಂದರಲ್ಲಿ ಎಣ್ಣೆ, ಒಂದರಲ್ಲಿ ಹತ್ತಕ್ಕೆ ಮೂರು, ಒಂದರಲ್ಲಿ ಮೊಳೆಯ ತೂತು, ಒಂದರಲ್ಲಿ ಎಂಟು ಮಡಿಕೆ. ಸಂಗಯ್ಯನವರು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಬೈಯಲಿರುವರೆಂದು ಅವಳು ಕಣ್ಣು ಮುಚ್ಚಿದಳು.

"ನಾಕೂ ಮನಿಗೆ ಹೋಗಿದ್ದವಂದ್ರಿ? ರೊಟ್ಟಿ ಜೋಡಿ?" ಅವರು ಚೀಲದಿಂದ ಒಂದು ಹಳೆಯ ನೋಟುಬುಕ್ಕು ತೆಗೆದರು. "ಈ ಕವಿತಾ ಬರದವರ ಬುಕ್ ಇದು. ಹ್ವಾದ ತಿಂಗಳ ಸಿಕ್ತು. ಕೇಳ್ರಿ." ಓದಿದರು: 'ಬಾದಾಮಿಯದು ಬರೀ ತಾಲೀಮು. ನಿಜವಾದ ನಾಟಕ ಇದು: ನಾಲ್ಕು ಹಾಳೆ ನಾಲ್ಕು ಮನೆಗೆ ದಿನದ ವಸ್ತುವಿನೊಡನೆ ಹೋಗಬೇಕು. ಹಂಚುವವರಿಗೆ ಇದು ನಾಟಕವೆಂದು ಗೊತ್ತಿರಬಾರದು. ಪಡೆದವರು ಒಬ್ಬರನ್ನೊಬ್ಬರು ಕೇಳಿಕೊಂಡು ಬರಬೇಕು. ಇಂಥ ಹಂಚುವವರು ನಮಗೆ ಸಿಗಲೇ ಇಲ್ಲ.'



"ಹಂಚಿದವರು ಯಾರ್ರಿ?" ಸಂಗಯ್ಯನವರು ಪೆನ್ನು ತೆಗೆದರು.

"ನಾನಽ," ಎಂದಳು ಬಸಲಿಂಗವ್ವ, ಬೈಗುಳಕ್ಕೆ ಸಿದ್ಧಳಾಗಿ. "ಏನ್ ಮಾಡ್ಲಿ, ತಾಟು ಇದ್ದಿಲ್ಲ."

"ತಾಟು ಇದ್ದಿಲ್ಲ! ಎಂಥಾ ಮಾತು!" ಅವರು ಅದನ್ನೂ ಬರೆದುಕೊಂಡರು. ಆಮೇಲೆ ದೊಡ್ಡದಾಗಿ ಓದುತ್ತ ಬರೆದರು: "ಪ್ರಥಮ ಪ್ರಯೋಗ, ಇಳಕಲ್ಲ. ಪ್ರಯೋಗಿಸಿದವರು: ಬಸಲಿಂಗವ್ವ."

"ಮತ್ತ... ಸಂಗ್ರಹ ಅಂತ ಹಾಕ್ತೇನಿ ಅಂದಿದ್ರಲ್ರಿ?" ಎಂದಳು ಗುರುಲಿಂಗವ್ವ ಮೆಲ್ಲಗೆ.

ಸಂಗಯ್ಯನವರು ನೊಂದವರಂತೆ ನೋಟುಬುಕ್ಕಿನ ಕೊನೆಯ ಸಾಲು ತೋರಿಸಿದರು. 'ಹಾಳೆಗಳನ್ನು ಮತ್ತೆ ಕೂಡಿಸಿದವರು ನಾಟಕ ಕೆಡಿಸಿದವರು. ಅವರ ಹೆಸರು ಎಲ್ಲಿಯೂ ಬರಬಾರದು.' "ಕವಿ ಮಾತ ಮೀರಾಕ ಬರಂಗಿಲ್ಲವಾ. ಒಂದೀಟು ಸುಮ್ಮ ಕುಂತಿದ್ರ ಆಗ್ತಿತ್ತು ನೀವು."

ಬಸಲಿಂಗವ್ವ ಶಿವಬಸವ್ವನ ಕಡೆ ತಿರುಗಿದಳು. "ಬುಕ್ಕಿನ್ಯಾಗ ಬರತೈತಂತ ನನ್ನ ಹೆಸರು. ಈಗರ ತಾಟು ಹೊಳ್ಳಿ ಕೊಡು."

ಸಂಗಯ್ಯನವರು ಉಂಡು, ಬಸಲಿಂಗವ್ವನ ಪಾದಕ್ಕೆ ನಮಸ್ಕರಿಸಿ, ಹೊರಟರು. ಹದಿಮೂರು ರೊಟ್ಟಿಯಲ್ಲಿ ನಾಲ್ಕು ಖರ್ಚಾದವು. ಪಡಸಾಲೆಯಲ್ಲಿ ಬಸಲಿಂಗವ್ವ, ಅಂಗಡಿಯಿಂದ ಬಂದ ಮಗನಿಗೆ ತನ್ನ ನಾಟಕದ ಕತೆಯನ್ನು ಮೂರನೆಯ ಸಲ ಹೇಳುತ್ತಿದ್ದಳು. ಪ್ರತಿ ಸಲಕ್ಕೂ ಅದರಲ್ಲಿ ಅವಳ ಜಾಣತನ ಒಂದಿಷ್ಟು ಹೆಚ್ಚುತ್ತಿತ್ತು. ಸೊಸೆಗೆ ನಗು ಬಂತು. ಆ ನಗುವಿನ ಕೆಳಗೆ ಏನೋ ಒಂದು ಸಣ್ಣಗೆ ನೋಯುತ್ತಲೂ ಇತ್ತು.

ಟ್ರಂಕಿನ ಮುಚ್ಚಳ ತೆರೆದು ಅವಳು ಹಾಳೆಗಳನ್ನು ಒಂದೊಂದಾಗಿ ಇಟ್ಟಳು. ಮೊದಲನೆಯದು, ಎರಡನೆಯದು. ಮೂರನೆಯದನ್ನು ಇಡುವಾಗ ಕೈ ತಡೆಯಿತು. ನಾಲ್ಕನೆಯದನ್ನು ದೀಪಕ್ಕೆ ಹಿಡಿದು ಓದಿದಳು.

'ತಂಬಿಗೆ ತುಂಬಿ ತಂದೆ.
ಹೆಜ್ಜೆ ಹೊರಟುಹೋಗಿತ್ತು.
ಅಂಗಳವೇ ಬಾಯಾರಿ ಕೂತಿತ್ತು.'

ಬೆಳಿಗ್ಗೆ ಪಂಚಮಿ. ಹಾಲೆರೆದು ಬರುವಾಗ ನೇಕಾರರ ಓಣಿಯ ಮೇಲೆ ಹಾಯಬೇಕು. ಈ ಎರಡು ಹಾಳೆ ದೌಲತಬಿಯ ಮನೆಯಲ್ಲೇ ಇರಲಿ. ಹೊಳ್ಳಿ ಕೇಳುವುದು ಬೇಡ. ಗೊತ್ತಿದ್ದು ಕೊಟ್ಟರೆ ಅದು ನಾಟಕವಾಗುವುದಿಲ್ಲ, ಎರಡೇ ಉಳಿದರೆ ಇದು ಸಂಗ್ರಹವೂ ಆಗುವುದಿಲ್ಲ.

"ಏ, ಒಳಗ ಏನ ಮಾಡಾಕತ್ತೀ?" ಎಂದು ಕಾಶಪ್ಪ ಕೂಗಿದ.

"ಏನಿಲ್ಲರಿ," ಎಂದಳು ಗುರುಲಿಂಗವ್ವ. ಎರಡು ಹಾಳೆಗಳನ್ನು ನಾಳೆ ಉಡುವ ಸೀರೆಯ ಮಡಿಕೆಯಲ್ಲಿಟ್ಟು, ಟ್ರಂಕು ಮುಚ್ಚಿದಳು.