ರೊಟ್ಟಿ ಎಣಿಸುವ ಮಾವನೂ ನನ್ನ ಸರ್ವರುಗಳೂ

ನನ್ನ ಸೋದರಮಾವನ ಕಣ್ಣಿಗೆ ಮನುಷ್ಯರು ಕಾಣುವುದೇ ಇಲ್ಲ, ರೊಟ್ಟಿಗಳು ಕಾಣುತ್ತವೆ! ಸುತ್ತಲಿನ ಹಳ್ಳಿಗಳ ಮದುವೆಗೆಲ್ಲ ಅಡುಗೆ ಮಾಡಿ ಮಾಡಿ ಅವರಿಗೆ ಈ ಗತಿ ಬಂದಿದೆ. ಒಮ್ಮೆ ಗಜೇಂದ್ರಗಡದಿಂದ ರೋಣಕ್ಕೆ ಬರುವ ಬಸ್ಸಿನಲ್ಲಿ ಎದ್ದು ನಿಂತು, ಹಿಂದೆ ಮುಂದೆ ನೋಡಿ, ಆಳಿಗೆ ಐದರಂತೆ ಲೆಕ್ಕ ಹಾಕಿ, "ಇಲ್ಲಿ ಎರಡು ನೂರು ರೊಟ್ಟಿ ಕುಂತಾವ, ಐವತ್ತು ನಿಂತಾವ" ಎಂದು ಗಟ್ಟಿಯಾಗಿ ಹೇಳಿಬಿಟ್ಟರು. ಕಂಡಕ್ಟರ್ ಬಿಡುತ್ತಾನೆಯೇ? "ಯಜಮಾನ್ರ, ಅಷ್ಟೂ ರೊಟ್ಟಿ ನಿಮ್ಮವೇನ್ರಿ? ಲಗೇಜ್ ಟಿಕೀಟ್ ತಗೋಬೇಕಾಗ್ತೈತಿ!"

ನನ್ನ ತಂಗಿಗೆ ವರ ನೋಡಲು ಸವಡಿ ಊರಿಗೆ ಹೋದಾಗಲೂ ಅದೇ. ಹುಡುಗನ ಓದು, ಹೊಲ ಒಂದನ್ನೂ ಕೇಳದೆ, "ಮದುವಿಗೆ ಮನಿಗೊಬ್ಬರು ಬರ್ರಿ ಅಂತ ಕರೀತೀರೋ, ಮನಿಮಂದಿಯೆಲ್ಲಾ ಕೀಲಿ ಹಾಕ್ಕೊಂಡು ಬರ್ರಿ ಅಂತೀರೋ?" ಎಂದರು. ಹುಡುಗನ ತಂದೆ ಹೆಮ್ಮೆಯಿಂದ "ಕೀಲಿ ಹಾಕ್ಕೊಂಡ್ರೀ!" ಎಂದರು. ಮಾವ ಅಲ್ಲೇ ಬೆರಳು ಮಡಚುತ್ತ ಕೂತರು. ಕೈಯಲ್ಲಿದ್ದ ಚಹಾ ಆರಿಹೋಯಿತು.

ಇಂಥವರ ಮುಂದೆ ನನ್ನ ಸಂಕಟ ಹೇಳಿಕೊಂಡೆ ನೋಡಿ! ನಾನು ರೋಣದ ಮನೆಯಲ್ಲೇ ಕೂತು ಹುಬ್ಬಳ್ಳಿಯ ಕಂಪನಿಯೊಂದಕ್ಕೆ ದುಡಿಯುವವನು. ಹೆಸರುಕಾಳು ಮಾರಲು ರಾಜ್ಯದ ರೈತರೆಲ್ಲ ಮೊಬೈಲಿನಲ್ಲೇ ಪಾಳಿಯ ಟೋಕನ್ ಪಡೆಯುವ ವ್ಯವಸ್ಥೆ ನಮ್ಮದು. ಅದಕ್ಕೆ ಎಷ್ಟು ಸರ್ವರ್ ಬೇಕೆಂದು ಹೇಳುವುದು ನನ್ನ ಹೊಣೆ. ಹೋದ ವರ್ಷ ನನ್ನ ಲೆಕ್ಕ ತಪ್ಪಿ, ಹತ್ತೇ ನಿಮಿಷದಲ್ಲಿ ಎಲ್ಲ ನಿಂತು, ನರಗುಂದದಲ್ಲಿ ಕಾಳು ಹೇರಿದ ಟ್ರ್ಯಾಕ್ಟರುಗಳು ಬಿಸಿಲಲ್ಲಿ ಒಣಗಿದವು. ಈ ಸಲವೂ ತಪ್ಪಿದರೆ ಮನೆಗೆ ಹೋಗು ಎಂದಿದ್ದರು ಸಾಹೇಬರು. ಮನೆಯಲ್ಲೇ ಇದ್ದೇನೆ, ಇನ್ನೆಲ್ಲಿಗೆ ಹೋಗಲಿ?

"ಸರಾಸರಿ ತಾಸಿಗೆ ಇಷ್ಟು ಮಂದಿ ಬರ್ತಾರ ಅಂತ ಹಿಡದೇನ್ರಿ ಮಾಂವಾ" ಎಂದೆ.

"ಸರಾಸರಿ ಲೆಕ್ಕದಾಗ ಯಾರಲೇ ಉಣ್ತಾರ? ಎಲ್ಲಾರೂ ಮೊದಲನೇ ಪಂಕ್ತಿಗೇ ಮುಗಿಬೀಳ್ತಾರ! ಜಾಗಾ ಸಿಗದವ್ರು ಏನ್ಮಾಡ್ತಾರ, ಮನಿಗೆ ಹೋಗ್ತಾರೇನು?"

"ಇಲ್ರಿ, ಮತ್ತ ಮತ್ತ ಬಟನ್ ಒತ್ತತಾರ."

"ಹಂಗಾರ ಒಬ್ಬಾಂವ ನಾಲ್ಕು ಮಂದಿ ಆದ! ಇನ್ನೊಂದ್ ಕೇಳು. ಎರಡು ಒಲಿ ಹೆಚ್ಚಿಗಿ ಹೂಡು, ಬೆಂಕಿನೂ ಹಚ್ಚೇ ಇಡು. ಮಂದಿ ಬಂದಮ್ಯಾಲ ಕಟ್ಟಿಗಿ ಹುಡುಕಾಕ ಹೋಗಬ್ಯಾಡ."

ಅಯ್ಯೋ, ನನ್ನ ಹೋದ ವರ್ಷದ ತಪ್ಪು ಅಷ್ಟೂ ಇದರಲ್ಲೇ ಇತ್ತು! ಇದನ್ನೇ ಚಂದಮಾಡಿ ಬರೆದು ಕಳಿಸಿದೆ. "ಯಾವ ತಜ್ಞರನ್ನು ಕೇಳಿದಿರಿ?" ಎಂದು ಸಾಹೇಬರು ಫೋನ್ ಮಾಡಿದರು. "ಮದುವೆ ಅಡುಗೆಯವರನ್ನು ಸರ್" ಎಂದೆ. ಏನನ್ನಿಸಿತೋ, ಕೇಳಿದಷ್ಟೂ ಸರ್ವರ್ ಕೊಟ್ಟರು.

ಟೋಕನ್ ಶುರುವಾಗುವ ದಿನ ಮಾವ ಬೆಳಗ್ಗೆಯೇ ಬಂದು ಲ್ಯಾಪ್‌ಟಾಪ್ ಮುಂದೆ ಕೂತರು. ಹತ್ತು ಗಂಟೆಗೆ, ಎಷ್ಟು ಮಂದಿ ಬಂದರೆಂದು ತೋರಿಸುವ ಪರದೆಯ ಗೆರೆ ಸರ್ರನೆ ಮೇಲೇರಿತು. "ಹೆಚ್ಚಿಗಿ ಒಲಿ ಎಲ್ಲದಾವೋ?" ಎಂದು ಮಾವ ಕೂಗಿದರು. ಮೊದಲೇ ಚಾಲೂ ಮಾಡಿಟ್ಟಿದ್ದ ಸರ್ವರುಗಳು ಭಾರ ಹೊತ್ತವು. ಯಾವುದೂ ನಿಲ್ಲಲಿಲ್ಲ. ನಾನು ಕುಣಿದಾಡಿದೆ.

ಮಾವ ಮಾತ್ರ ಏಳಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ. ಸಂಜೆ ಟೋಕನ್ ಮುಚ್ಚುವವರೆಗೂ ಕೂತು, "ಕಡೀಗೆ ಬಂದವ್ರಿಗೆ ಸಿಕ್ತೇನು?" ಎಂದರು. ರೋಣ ತಾಲೂಕಿನ ಪಟ್ಟಿ ತೆಗೆದು ನೋಡಿದೆ. ಕೊನೆಯ ಹೆಸರು ಬೆಳವಣಕಿಯ ಒಬ್ಬ ಅಜ್ಜಿಯದು. "ಸಿಕ್ಕೈತ್ರಿ" ಎಂದೆ.

ಮಾವ ಮುಖ ಮುಚ್ಚಿಕೊಂಡು ಅಳತೊಡಗಿದರು.

"ನಿಮ್ಮವ್ವನ ಮದುವಿಗೆ ನಂದ ಅಡಿಗಿ. ಅದ ನನ್ನ ಮೊದಲನೇ ಕೆಲಸ. ಬಂದವ್ರೆಲ್ಲಾ ಉಂಡೆದ್ರು, ಕಡೀಗೆ ಮದುಮಗಳಿಗೇ ಅನ್ನ ಇಲ್ಲ! ಹಸಿವಿಲ್ಲೋ ಅಣ್ಣಾ ಅಂತ ನಕ್ಕೋತ ಗಾಡಿ ಹತ್ತಿದ್ಲು."

ಬಾಗಿಲಲ್ಲಿ ಅವ್ವ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಎರಡು ತಾಟಿನಲ್ಲಿ ಊಟ ಬಡಿಸಿಕೊಂಡು ಬಂದು ಅಣ್ಣನ ಪಕ್ಕ ಕೂತಳು.

"ಖರೇ ಹೇಳ್ಲೇನೋ ಅಣ್ಣಾ? ಅವತ್ತು ಭಾಳ ಹಸಿವಾಗಿತ್ತು. ಏಳು, ಕೈ ತೊಳಕೋ, ಇಬ್ರೂ ಕೂಡಿ ಉಣ್ಣೂಣು."