ಇಪ್ಪತ್ತೊಂದು ರೂಪಾಯಿಯ ನಾದ ಪರೀಕ್ಷೆ

ಪರೀಕ್ಷೆ ಮಾಡದೆ ಏನನ್ನೂ ನಂಬದಿರುವುದು ನನ್ನ ಹಳೆಯ ಚಟ. ಜಮಖಂಡಿ ಸಂತೆಯಲ್ಲಿ ಒಂದು ಗಡಿಗೆ ಕೊಳ್ಳಬೇಕಾದರೆ ಇಪ್ಪತ್ತನ್ನು ಬಡಿದು ನೋಡುತ್ತೇನೆ. ಒಮ್ಮೆ ಕುಂಬಾರ ಬೇಸತ್ತು, "ಗಡಗಿ ಕೊಳ್ಳಾಕ ಬಂದೀರೋ, ಒಡ್ಯಾಕ ಬಂದೀರೋ?" ಎಂದು ಕೇಳಿದ. ಈಚೆಗೆ ಮಣ್ಣೇ ಕೆಟ್ಟಿದೆ, ಯಾವ ಗಡಿಗೆಯೂ ಮೊದಲಿನ ಹಾಗೆ ನುಡಿಯುವುದಿಲ್ಲ ಎಂದು ಅವನಿಗೇ ಉಪದೇಶ ಮಾಡಿ ಬರಿಗೈಯಲ್ಲಿ ಮನೆಗೆ ಬಂದೆ.

ಈ ಸಂಗತಿ ನಡೆದಾಗ ಜಮಖಂಡಿ ಸಂಸ್ಥಾನ ಹೋಗಿ ಮುಂಬೈ ರಾಜ್ಯ ಬಂದು ನಾಲ್ಕಾರು ವರ್ಷವಾಗಿತ್ತು. ನಾನು ಬನಹಟ್ಟಿಯ ಮಗ್ಗದ ಕಾರಖಾನೆಯೊಂದರಲ್ಲಿ ನೂಲು ಹಂಚುವ ಕಾರಕೂನ. ನಮ್ಮದು ಕುರಿ ಕಾಯುವ ಮನೆತನ. ಕುರ್ಚಿಯ ಮೇಲೆ ಕುಳಿತು ಪಗಾರ ತೆಗೆದುಕೊಂಡವನು ನಾನೇ ಮೊದಲಿಗ. ಆ ಕುರ್ಚಿಯ ಎರಡೂ ಮಗ್ಗುಲಿಗೆ ಮಗ್ಗಗಳು. ಹನ್ನೊಂದು ವರ್ಷ ಅವುಗಳ ನಡುವೆಯೇ ಕುಳಿತಿದ್ದೆ. ಅಲ್ಲಿ ಕೂಗದೆ ಮಾತೇ ಇಲ್ಲ. ನಮ್ಮಲ್ಲಿ ಗುಟ್ಟು ಹೇಳುವವರೂ ಓಣಿಗೆಲ್ಲ ಕೇಳುವಂತೆ ಹೇಳುತ್ತಾರೆ. ನನ್ನ ಹೆಂಡತಿ ಗಂಗವ್ವ ಮಾತ್ರ ಅನಗವಾಡಿಯ ಹೊಳೆದಂಡೆಯವಳು, ದನಿ ಸಣ್ಣದು.

ಅವಳಿಗೆ ಸೊಂಟಕ್ಕೊಂದು ಬೆಳ್ಳಿಯ ಡಾಬು ಮಾಡಿಸಿಕೊಳ್ಳುವ ಆಸೆ. ಮದುವೆಯಲ್ಲಿ ಅವಳಪ್ಪ ಬೀರಪ್ಪ ಕೊಟ್ಟ ಇಪ್ಪತ್ತೊಂದು ರಾಣಿ ಮುಖದ ರೂಪಾಯಿಗಳಿದ್ದವು. ಕಂಬಳಿ ಮಾರಿ ಒಂದೊಂದಾಗಿ ಕೂಡಿಸಿದವು. ಅವನ್ನು ಕರಗಿಸಲು ಪತ್ತಾರನ ಹತ್ತಿರ ಒಯ್ದರೆ ಅವನು, "ಒಂದ ಖೊಟ್ಟಿ ಇದ್ರೂ ಕರಗಿಸಿದ್ದೆಲ್ಲಾ ಕೆಡ್ತೈತ್ರಿ. ಮೊದಲ ಮನ್ಯಾಗ ನೋಡ್ಕೊಂಡ ತರ್ರಿ" ಎಂದ. ಪರೀಕ್ಷೆ ಮಾಡು ಎಂದು ನನಗೆ ಒಬ್ಬರು ತಾವಾಗಿ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಹಿಗ್ಗಿ ಹೀರೇಕಾಯಿಯಾದೆ.

ಸಾಲಿ ಮಾಸ್ತರರಿಂದ ಅಯಸ್ಕಾಂತ ತಂದು ಹಿಡಿದೆ. ಒಂದೂ ಅಂಟಲಿಲ್ಲ. ಬಿಸಿ ಚಹಾದಲ್ಲಿ ಅರ್ಧ ಅದ್ದಿ ಹಿಡಿದರೆ, ಬೆಳ್ಳಿಯಾದರೆ ಕಾವು ಥಟ್ಟನೆ ಬೆರಳಿಗೆ ಏರುತ್ತದೆಂದು ಯಾರೋ ಹೇಳಿದ್ದರು. ಏರಿತು. ಬೆರಳು ಸುಟ್ಟು ರೂಪಾಯಿ ಚಹಾದೊಳಗೆ ಬಿತ್ತು. ಗಂಗವ್ವ ಆ ಚಹಾವನ್ನು ನನಗೇ ಕುಡಿಸಿದಳು. ಇಷ್ಟಕ್ಕೇ ಬಿಟ್ಟಿದ್ದರೆ ಡಾಬು ಆಗಿಹೋಗುತ್ತಿತ್ತು. ಆದರೆ ನನ್ನ ಅಪ್ಪ ಕುರಿ ಮಾರಿದಾಗ ರೂಪಾಯಿಯನ್ನು ಕಲ್ಲಿಗೆ ಬಡಿದು ನಾದ ಕೇಳಿಯೇ ತೆಗೆದುಕೊಳ್ಳುತ್ತಿದ್ದ. ಆ ಸಣ್ಣ ಎಳೆನಾದ ನನಗಿನ್ನೂ ನೆನಪಿತ್ತು. ಬೀಸುವ ಕಲ್ಲಿನ ಮೇಲೆ ಒಂದೊಂದನ್ನೇ ಬಡಿದೆ. ಎಲ್ಲವೂ ದಬ್ ಎಂದವು. ಇಪ್ಪತ್ತೊಂದೂ.

"ನಿಮ್ಮಪ್ಪಗ ಯಾರೋ ಟೊಪಗಿ ಹಾಕ್ಯಾರ. ಎಲ್ಲಾ ಖೊಟ್ಟಿ" ಎಂದೆ.

ಗಂಗವ್ವ ತವರಿನ ರೂಪಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಅಪ್ಪನಿಗೆ ಹೇಳಿಕಳಿಸಿದಳು. ಎರಡು ದಿನ ನನ್ನ ತಾಟಿಗೆ ರೊಟ್ಟಿ ಬಂತು, ಮಾತು ಬರಲಿಲ್ಲ.

ಮಾವ ಹೆಗಲ ಮೇಲೆ ಕಂಬಳಿ ಹೊತ್ತು ಬಂದರು. ಸಿಟ್ಟಾಗಲಿಲ್ಲ. ಒಂದು ರೂಪಾಯಿಯನ್ನು ಉಗುರಿನ ಮೇಲಿಟ್ಟು ಚಿಮ್ಮಿ, "ಕೇಳ್ರಿ ಅಳಿಯಂದ್ರ" ಎಂದರು. ಗಂಗವ್ವನ ಮುಖ ಅರಳಿತು. ನನಗೆ ಏನೂ ಕೇಳಲಿಲ್ಲ. ಮಾವ ನನ್ನನ್ನೇ ಒಂದಿಷ್ಟು ಹೊತ್ತು ನೋಡಿ, ಎದ್ದು ಹೋಗಿ ದೇವರ ಜಗಲಿಯ ಮೇಲಿನ ಭಂಡಾರದ ಬಟ್ಟಲಿನಿಂದ ಒಂದು ರೂಪಾಯಿ ತಂದರು. ನನ್ನ ಅವ್ವ ಸಾಯುವಾಗ ಬೀರದೇವರಿಗೆಂದು ಇಟ್ಟದ್ದು, ಭಂಡಾರದ ಅರಿಷಿಣ ಮೆತ್ತಿ ಹಳದಿಯಾದದ್ದು. ಅದನ್ನೂ ಕಲ್ಲಿಗೆ ಬಡಿದರು. ದಬ್.

"ಇದೂ ಖೊಟ್ಟಿ ಏನ್ರಿ?"

ಅವ್ವ ದೇವರಿಗೆ ಖೊಟ್ಟಿ ರೂಪಾಯಿ ಇಡುವವಳಲ್ಲ. ಮಾವ ನನ್ನ ಬೆನ್ನ ಹಿಂದೆ ಹೋಗಿ ನಿಂತರು. ಅವರು ಇನ್ನೂ ಚಿಮ್ಮಿಲ್ಲವೆಂದು ನಾನು ಕಾಯುತ್ತಲೇ ಇದ್ದೆ. ಐದು ಸಲ ಚಿಮ್ಮಿದ್ದರಂತೆ.

"ರೂಪಾಯಿ ಎಲ್ಲಾ ಛಲೋ ಅದಾವ್ರಿ" ಎಂದರು ಮಾವ ಮುಂದೆ ಬಂದು, ದನಿ ಎತ್ತರಿಸಿ. "ಮಗ್ಗದ ಸಪ್ಪಳ ನಿಮ್ಮ ಕಿವಿ ತಿಂದೈತಿ. ಸಣ್ಣ ದನಿ ನಿಮಗ ಕೇಳ್ಸಂಗಿಲ್ಲ."

ನನಗೆ ಭಯವಾಯಿತು, ನಾಚಿಕೆಯೂ ಆಯಿತು. ಆದರೆ ಅತ್ತವಳು ಗಂಗವ್ವ. ಹತ್ತಿರ ಬಂದು, ಕಿವಿಯ ಬಳಿ ಬಾಯಿಟ್ಟು ಹೇಳಿದಳು: "ನಾ ಕರದಾಗ ನೀವು ತಿರಗಿ ನೋಡ್ತಿದ್ದಿಲ್ಲ. ನಾ ನಿಮಗ ಬ್ಯಾಡಾಗೇನಿ ಅಂತ ತಿಳಕೊಂಡಿದ್ನಿ. ಇಷ್ಟ ವರ್ಷ ಒಳಗೊಳಗ ಬೈಕೋತಿದ್ನಿ. ತಪ್ಪಾತ್ರಿ."

ಅವಳು ಹಾಗೆ ತಪ್ಪು ಒಪ್ಪಿಕೊಂಡಾಗ ನಾನು ಅವಳ ಕಣ್ಣು ತಪ್ಪಿಸಿ ಬೀಸುವ ಕಲ್ಲಿನ ಕಡೆ ನೋಡಿದೆ. ಯಾಕೆಂದು ನಿಮಗೆ ಮಾತ್ರ ಹೇಳುತ್ತೇನೆ. ಅವಳು ಕರೆದದ್ದರಲ್ಲಿ ಎಷ್ಟೋ ಸಲ ನನಗೆ ಕೇಳಿತ್ತು. ಏಳಲು ಬೇಸರವಾಗಿ ಸುಮ್ಮನೆ ಕುಳಿತಿದ್ದೆ. ಕಣ್ಣೊರೆಸಿಕೊಳ್ಳುತ್ತಿದ್ದವಳ ಮುಂದೆ ಅದನ್ನು ಹೇಳುವ ಧೈರ್ಯ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಈಗ ಅವಳು ಡಾಬು ಕಟ್ಟಿಕೊಂಡು, ದೂರದಿಂದ ಕರೆಯದೆ, ನೇರ ಹತ್ತಿರಕ್ಕೇ ಬಂದು, ಭುಜ ಮುಟ್ಟಿ, "ಪಾಪ" ಎನ್ನುತ್ತ ಜೋಳದ ಬುಟ್ಟಿಯನ್ನು ತಲೆಯ ಮೇಲಿಟ್ಟು ಗಿರಣಿಗೆ ಕಳಿಸುತ್ತಾಳೆ. ಭುಜ ಮುಟ್ಟಿಸಿಕೊಂಡ ಮೇಲೆ ಕೇಳಲಿಲ್ಲ ಎನ್ನುವುದು ಹೇಗೆ? ಹೊತ್ತುಕೊಂಡು ಹೋಗುತ್ತೇನೆ.