ಗುಂಡ್ಲುಪೇಟೆಯ ಕರಿ ನಾಯಿ ಬದುಕಿದೆಯೇ?

ನಗಬಾರದ ಹೊತ್ತಿನಲ್ಲೇ ನಗು ಬರಿಸುವ ಸಂಗತಿಗಳು ನನ್ನ ಹಣೆಯಲ್ಲೇ ಬರೆದಿದ್ದವೋ ಏನೋ, ಒಂದರ ಹಿಂದೊಂದು ಬರುತ್ತಲೇ ಇದ್ದವು. ಐವತ್ತರ ದಶಕದಲ್ಲಿ ನಾನು ಚಾಮರಾಜನಗರದಲ್ಲಿ ಒಬ್ಬ ಸಂಶೋಧಕ ಡಾಕ್ಟರರ ಸಹಾಯಕ. ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲ. ಆ ಮದ್ದು ಕುರಿಯ ಮಿದುಳಿನದು. ಎಲ್ಲೋ ಒಬ್ಬಿಬ್ಬರ ಮೈ ಅದರ ಜೊತೆ ಜಗಳಕ್ಕೆ ಬಿದ್ದು, ಆ ಸಿಟ್ಟಿನಲ್ಲಿ ತನ್ನದೇ ನರಗಳನ್ನೂ ಬಡಿದುಹಾಕುತ್ತಿತ್ತು. ಯಾಕೆ ಹೀಗೆ ಎಂಬುದೇ ನಮ್ಮ ಡಾಕ್ಟರರ ಸಂಶೋಧನೆ.

ಸುತ್ತಿಗೆ

ಹರದನಹಳ್ಳಿಯ ಗಾಡಿಯವನಿಗೆ ಗುಂಡ್ಲುಪೇಟೆ ಸಂತೆಯಲ್ಲಿ ಕರಿ ನಾಯಿಯೊಂದು ಕಚ್ಚಿತ್ತು. ಹತ್ತು ಸೂಜಿ ಆದ ಮೇಲೆ ಒಂದು ಬೆಳಿಗ್ಗೆ ಏಳಲು ಹೋದರೆ ಕಾಲಿನಲ್ಲಿ ಶಕ್ತಿಯೇ ಇಲ್ಲ. ಡಾಕ್ಟರು ಅವನನ್ನು ಕೂರಿಸಿ, ರಬ್ಬರ್ ಸುತ್ತಿಗೆಯಿಂದ ಮೊಣಕಾಲಿಗೆ ಮೆಲ್ಲಗೆ ಬಡಿದರು. ಒಳ್ಳೆಯ ಕಾಲಾದರೆ ಠಕ್ಕನೆ ಎಗರಬೇಕು. ಎಗರಲಿಲ್ಲ. ಇನ್ನೊಮ್ಮೆ ಬಡಿದರು. ಊಹೂಂ. ಡಾಕ್ಟರು ಸುತ್ತಿಗೆ ಕೆಳಗಿಟ್ಟರು.

ಅವನ ಹೆಂಡತಿ ಮಾತ್ರ, "ಬುಡಬ್ಯಾಡಿ ಬುದ್ಧಿ, ಇನ್ನೊಂದ್ಕಿತ ಒಡೀರಿ. ಮೂರು ಸಲ ಕೂಗ್ದೆ ಯಾವ ಕೆಲ್ಸಕ್ಕೂ ಏಳೋರಲ್ಲ ಇವ್ರು" ಎಂದಳು.

ಒಂಬತ್ತು ಕರಿ ನಾಯಿ

ಸೂಜಿ ಮುಂದುವರಿಸಿದರೆ ಕಾಲು ಪೂರ್ತಿ ಹೋಗಬಹುದು. ನಿಲ್ಲಿಸಿದರೆ, ನಾಯಿಗೆ ಹುಚ್ಚಿದ್ದ ಪಕ್ಷದಲ್ಲಿ, ಪ್ರಾಣವೇ ಹೋಗುತ್ತದೆ. ಕಚ್ಚಿದ ನಾಯಿ ಹತ್ತು ದಿನ ಕಳೆದರೂ ಗಟ್ಟಿಮುಟ್ಟಾಗಿದ್ದರೆ ಧೈರ್ಯವಾಗಿ ನಿಲ್ಲಿಸಬಹುದು. ಅಂದು ಹನ್ನೊಂದನೇ ದಿನ. ಮುಂದಿನ ಸೂಜಿ ಸಂಜೆಗೆ. ಬಸ್ಸು ಹತ್ತಿ ಗುಂಡ್ಲುಪೇಟೆಗೆ ಓಡಿದೆವು.

"ಗಾಡಿಯವನಿಗೆ ಕಚ್ಚಿದ ಕರಿ ನಾಯಿ ಡಾಕ್ಟರಿಗೆ ಬೇಕಾಗಿದೆ" ಎಂದು ತಮಟೆ ಹೊಡೆಸಿದೆ. ನಾನೊಬ್ಬ ಕತ್ತೆ, ಯಾಕೆ ಬೇಕು ಅಂತ ಸಾರಿಸಲಿಲ್ಲ. ಇನಾಮು ಎಂದುಕೊಂಡರೋ ಏನೋ, ಗಳಿಗೆಯಲ್ಲಿ ಒಂಬತ್ತು ಕರಿ ನಾಯಿ ಹಾಜರ್! ಒಂದಕ್ಕಂತೂ ಸ್ನಾನ ಮಾಡಿಸಿ ಕುಂಕುಮ ಇಟ್ಟಿದ್ದರು. "ನಮ್ದೇ ಕಚ್ಚಿದ್ದು ಸ್ವಾಮಿ!" "ಸುಳ್ಳು ಕಣ್ಲಾ, ನಿನ್ನ ನಾಯಿಗೆ ಹಲ್ಲೇ ಇಲ್ವಲ್ಲಾ!" ಎಂದು ಜಗಳ ಬೇರೆ.

ಹುಚ್ಚಿನ ವಿಷಯ ಅಂತ ಡಾಕ್ಟರು ಬಾಯಿಬಿಟ್ಟಿದ್ದೇ ತಡ, ಎಲ್ಲವೂ ಮಾಯ. ಹಲ್ಲಿಲ್ಲದ ನಾಯಿಯವನು ಹೋಗುತ್ತಾ, "ನಮ್ದು ಮಜ್ಜಿಗೆ ಅನ್ನ ಬಿಟ್ರೆ ಏನೂ ಮುಟ್ಟಾಕಿಲ್ಲ ಸ್ವಾಮಿ" ಎಂದ.

ಸತ್ತ ನಾಯಿ

ಕೊನೆಗೆ ತಮಟೆಯವನೇ ಒಂದು ಮನೆ ತೋರಿಸಿದ. ಕಚ್ಚಿದ್ದನ್ನು ಅವನು ಕಣ್ಣಾರೆ ಕಂಡಿದ್ದನಂತೆ. "ಮೊದಲೇ ಬೊಗಳೋಕೆ ಏನಾಗಿತ್ತಯ್ಯಾ?" ಅಂದರೆ, "ನೀವು ಹೊಡಿ ಅಂದ್ರಿ, ಹೊಡ್ದೆ. ನನ್ನ ಯಾರು ಕೇಳುದ್ರು?" ಎಂದ.

ಆ ಮನೆಯ ಯಜಮಾನ ಕೈಕಟ್ಟಿ ನಿಂತು, "ಅದು ಸತ್ತೋಯ್ತು ಬುದ್ಧಿ. ನಾಕು ದಿನ ಆಯ್ತು, ಹೂತ್ಬುಟ್ಟೆ" ಎಂದ.

ಡಾಕ್ಟರ ಮುಖ ಕಪ್ಪಿಟ್ಟಿತು. ಸತ್ತಿದ್ದರೆ ಹುಚ್ಚೇ ಇರಬೇಕು. ಸೂಜಿ ಚುಚ್ಚಲೇಬೇಕು, ಗಾಡಿಯವನ ಕಾಲಿನ ಆಸೆ ಬಿಡಬೇಕು. ನನಗೆ ಅಳುವೇ ಬಂತು.

"ನಿಮ್ಮನ್ನ ನೆಕ್ಕಿತ್ತೇನಪ್ಪಾ?" ಡಾಕ್ಟರು ಕೇಳಿದರು.

"ಸಾಕಿದ ನಾಯಿ ನೆಕ್ದೆ ಇದ್ದಾದಾ ಬುದ್ಧಿ? ಎಲ್ರನ್ನೂ ನೆಕ್ತಿತ್ತು."

"ಹಾಗಾದರೆ ಮನೆಮಂದಿಗೆಲ್ಲ ಹೊಟ್ಟೆಗೆ ಹದಿನಾಲ್ಕು ಸೂಜಿ" ಎಂದವರೇ ನನ್ನ ಕಡೆ ತಿರುಗಿ, "ಹೆಸರು ಬರೆದುಕೊ. ಅಜ್ಜಿಯಿಂದ ಶುರು ಮಾಡು" ಎಂದರು.

ನಾನು ಹೆಸರು ಬರೆದುಕೊಳ್ಳುತ್ತಿದ್ದಂತೆ ಅಜ್ಜಿ, ಯಜಮಾನನ ತಾಯಿ, ದಡಬಡನೆ ಒಳಗೆ ಓಡಿ, ಕೊಟ್ಟಿಗೆಯಿಂದ ಕರಿ ನಾಯಿಯೊಂದನ್ನು ದರದರ ಎಳೆದು ತಂದಳು. ಬಾಲ ಆಡಿಸುತ್ತಿತ್ತು, ಬಾಯಲ್ಲಿ ಮುದ್ದೆ! "ಪೋಲೀಸ್ನೋರು ಇಡ್ಕೊಂಡೋದಾರು ಅಂತ ಬಚ್ಚಿಟ್ಟಿದ್ದ ಕಣ ಬುದ್ಧಿ!"

ಡಾಕ್ಟರು ಜಗಲಿಯ ಮೇಲೆ ಕುಸಿದು ಕೂತು, "ಇನ್ನು ಸೂಜಿ ಬೇಡ" ಅನ್ನುತ್ತಾ ಕಣ್ಣೊರೆಸಿಕೊಂಡರು. ಕೆಲವು ತಿಂಗಳಿಗೆ ಗಾಡಿಯವನು ಮತ್ತೆ ಗಾಡಿ ಹೊಡೆದ ಅನ್ನಿ.

ಅಜ್ಜಿಗೆ ಮಾತ್ರ ನೆಮ್ಮದಿಯಿಲ್ಲ. ಬರೆದ ಹೆಸರನ್ನು ಹಾಗೇ ಬಿಟ್ಟರೆ ಸರ್ಕಾರದವರು ಸುಮ್ಮನಿರುತ್ತಾರೆಯೇ? ಮಗನನ್ನು ಮುಂದಕ್ಕೆ ದಬ್ಬಿ, "ಚುಚ್ಚಲೇಬೇಕು ಅಂದ್ರೆ ಈ ಸುಳ್ಳ ನನ್ಮಗಂಗೇ ಚುಚ್ಚಿ ಬುದ್ಧಿ, ನಂದೂ ಸೇರ್ಸಿ ಇಪ್ಪತ್ತೆಂಟು!" ಎಂದಳು.